ತೀನ್ ಪತ್ತಿ ಬಲ್ಲವರು ಪೋಕರ್ ಟೇಬಲ್‌ಗೆ ಕೂರುವ ಮುನ್ನ

ಪ್ರಶ್ನೆ: ಕೆಲಸದ ಮೇಲೆ ಡಲ್ಲಾಸ್ ಹತ್ತಿರದ ಪ್ಲೇನೋಗೆ ಬಂದು ಎಂಟು ತಿಂಗಳಾಯಿತು. ನನ್ನ ಟೀಮಿನ ಒಬ್ಬರು ತಿಂಗಳಿಗೊಮ್ಮೆ ಶನಿವಾರ ಮನೆಯಲ್ಲಿ ಪೋಕರ್ ಟೂರ್ನಮೆಂಟ್ ಇಡುತ್ತಾರೆ. ಒಂಬತ್ತು ಜನ, ತಲೆಗೆ 20 ಡಾಲರ್. ಈ ಸಲ ನನ್ನನ್ನೂ ಕರೆದಿದ್ದಾರೆ. ಊರಲ್ಲಿ ಯುಗಾದಿ ಸಮಯದಲ್ಲಿ ಅಂದರ್ ಬಾಹರ್, ತೀನ್ ಪತ್ತಿ ಆಡಿದ್ದೇನೆ. ರಮ್ಮಿ ಚೆನ್ನಾಗಿ ಬರುತ್ತೆ. ಪೋಕರ್ ಮಾತ್ರ ಟಿ.ವಿ.ಯಲ್ಲಿ ನೋಡಿದ್ದಷ್ಟೇ. ನನ್ನ ಹೆಂಡತಿ ಇದನ್ನು ಜೂಜು ಅನ್ನುತ್ತಾಳೆ, ಆದರೂ ಒಮ್ಮೆ ಬಂದು ನೋಡುವ ಆಸೆ ಅವಳಿಗೂ ಇದೆ. ಎಷ್ಟು ದುಡ್ಡು ಹೋಗಬಹುದು? ಕಾನೂನಿನ ತೊಂದರೆ ಇದೆಯಾ? ಇನ್ನು ಎರಡು ವಾರದಲ್ಲಿ ನಾನು ಏನು ಕಲಿಯಲಿ?

ಉತ್ತರ: ಖಂಡಿತ ಹೋಗಿ. ಪರದೇಶದಲ್ಲಿ ಆಫೀಸಿನವರು ಮನೆಗೆ ಕರೆದು, ಎದುರು ಕೂರಿಸಿಕೊಂಡು ಮೂರು ನಾಲ್ಕು ಗಂಟೆ ಮಾತಾಡುವ ಅವಕಾಶ ಸುಲಭಕ್ಕೆ ಸಿಗಲ್ಲ. ನಾನು ಹಲವು ವರ್ಷದಿಂದ ನಮ್ಮ ಮನೆಯಲ್ಲಿ ಇಂಥ ಟೂರ್ನಮೆಂಟ್ ನಡೆಸುತ್ತಾ ಬಂದಿದ್ದೇನೆ. ಹೊಸಬರು ಬಂದ ದಿನ ನನಗಿರುವುದು ಒಂದೇ ಆಸೆ. ಅವರು ಮುಂದಿನ ತಿಂಗಳೂ ಬರಬೇಕು. ನಿಮ್ಮನ್ನು ಕರೆದವರಿಗೂ ಅದೇ ಆಸೆ ಇರುತ್ತೆ ಅಂತ ನಂಬಿ.

ಮೊದಲು ದುಡ್ಡಿನ ವಿಷಯ. ಮನೆಯಲ್ಲಿ ಹೇಳುವಾಗಲೂ ಇದನ್ನೇ ಮೊದಲು ಹೇಳಿ. ಪೋಕರ್ ಆಡೋದರಲ್ಲಿ ಎರಡು ಬಗೆ ಇದೆ. ಒಂದು ಕ್ಯಾಶ್ ಗೇಮ್. ಅಲ್ಲಿ ನಿಮ್ಮ ಮುಂದಿರುವ ಪ್ರತಿ ಚಿಪ್ಪೂ, ಅಂದರೆ ಪಣಕ್ಕಿಡುವ ಬಿಲ್ಲೆಯೂ, ದುಡ್ಡೇ. ಖಾಲಿಯಾದರೆ ಮತ್ತೆ ಜೇಬಿಗೆ ಕೈ ಹಾಕಬಹುದು, ರಾತ್ರಿಯಿಡೀ ಹಾಕುತ್ತಲೇ ಇರಬಹುದು. ನಮ್ಮೂರಿನ ತೀನ್ ಪತ್ತಿ ಈ ಬಗೆಯದ್ದು. ಇನ್ನೊಂದು ಟೂರ್ನಮೆಂಟ್. ಬಂದ ತಕ್ಷಣ 20 ಡಾಲರ್ ಕೊಡುತ್ತೀರಿ, ಅದಕ್ಕೆ ಬೈ-ಇನ್ ಅಂತಾರೆ. ಬದಲಿಗೆ ಎಲ್ಲರಿಗೂ ಸಮನಾಗಿ, ಹೆಚ್ಚಾಗಿ 10,000 ಲೆಕ್ಕದ ಚಿಪ್ಸ್ ಕೊಡುತ್ತಾರೆ. ಅದು ಬರೀ ಅಂಕ, ಅದಕ್ಕೂ ಡಾಲರ್‌ಗೂ ಸಂಬಂಧ ಇಲ್ಲ. ಅದು ಮುಗಿದರೆ ನಿಮ್ಮ ಆಟ ಮುಗಿಯಿತು, 20 ಡಾಲರ್ ಹೋಯಿತು, ಅಷ್ಟೇ. ಒಂಬತ್ತು ಜನರ 180 ಡಾಲರ್ ಸೇರಿ ಬಹುಮಾನ. ಸಾಮಾನ್ಯವಾಗಿ ಅರ್ಧ ಮೊದಲನೆಯವರಿಗೆ, ಉಳಿದದ್ದು ಎರಡನೆಯ ಮತ್ತು ಮೂರನೆಯವರಿಗೆ. 90, 54, 36 ಅಂತಿಟ್ಟುಕೊಳ್ಳಿ.

ಆದರೆ ಎರಡು ಕಡೆ ಹುಷಾರಾಗಿರಬೇಕು. ಒಂದು, ರೀಬೈ. ಅಂದರೆ ಚಿಪ್ಸ್ ಹೋದವರು ಮತ್ತೆ 20 ಡಾಲರ್ ಕೊಟ್ಟು ಕೂರುವುದು. ಕೆಲವು ಮನೆಗಳಲ್ಲಿ ಇದೆ, ಕೆಲವು ಕಡೆ ಇಲ್ಲ. ಇದೆಯಾ, ಎಷ್ಟು ಸಲ, ಎಷ್ಟು ಹೊತ್ತಿನವರೆಗೆ ಅಂತ ಈಗಲೇ ಮೆಸೇಜ್ ಮಾಡಿ ಕೇಳಿ. ಸಂಕೋಚ ಬೇಡ, ಎಲ್ಲರೂ ಕೇಳುತ್ತಾರೆ. ಇನ್ನೊಂದು, ಬೇಗ ಔಟಾದವರು ಪಕ್ಕದ ಟೇಬಲ್‌ನಲ್ಲಿ ಶುರು ಮಾಡುವ ಕ್ಯಾಶ್ ಗೇಮ್. ಮನೆ ಆಟದಲ್ಲಿ ಜನ ಅಂದುಕೊಂಡದ್ದಕ್ಕಿಂತ ಜಾಸ್ತಿ ಕಳೆದುಕೊಳ್ಳುವುದು ಟೂರ್ನಮೆಂಟಿನಲ್ಲಲ್ಲ, ಇಲ್ಲಿ. ಔಟಾದ ಬೇಜಾರು ಇನ್ನೂ ಇರುತ್ತೆ, ಸುಮ್ನೆ ಕೂತಿರೋದು ಯಾಕೆ ಅನ್ನಿಸುತ್ತೆ, ಹತ್ತು ಡಾಲರ್ ಅಂತ ಶುರುವಾಗಿ ಎಂಬತ್ತಕ್ಕೆ ಹೋಗುತ್ತೆ. ಮೊದಲ ಮೂರು ನಾಲ್ಕು ತಿಂಗಳು ಆ ಟೇಬಲ್‌ಗೆ ಕೂರಲೇಬೇಡಿ. ಜೇಬಿನಲ್ಲಿ 40 ಡಾಲರ್ ನಗದು ಇಟ್ಟುಕೊಂಡು ಹೋಗಿ, ಕಾರ್ಡು ಕಾರಿನಲ್ಲೇ ಇರಲಿ.

ಕಾನೂನು. ಟೆಕ್ಸಾಸ್‌ನಲ್ಲಿ ದುಡ್ಡು ಕಟ್ಟಿ ಎಲೆ ಆಡೋದು ಅಪರಾಧವೇ. ಆದರೆ ಅಲ್ಲಿನ ದಂಡ ಸಂಹಿತೆಯ 47.02ನೇ ಸೆಕ್ಷನ್ನು ಮೂರು ಷರತ್ತು ಪಾಲಿಸಿದವರಿಗೆ ರಕ್ಷಣೆ ಕೊಡುತ್ತೆ. ಆಟ ಖಾಸಗಿ ಜಾಗದಲ್ಲಿ ನಡೆಯಬೇಕು. ಗೆದ್ದ ದುಡ್ಡು ಬಿಟ್ಟು ಬೇರೆ ಯಾವ ಲಾಭವೂ ಯಾರಿಗೂ ಆಗಬಾರದು. ಚಾಕಚಕ್ಯತೆ ಮತ್ತು ಅದೃಷ್ಟ ಬಿಟ್ಟರೆ ಗೆಲ್ಲುವ ಸೋಲುವ ಅವಕಾಶ ಎಲ್ಲರಿಗೂ ಒಂದೇ ಇರಬೇಕು. ಎರಡನೆಯದನ್ನು ಗಟ್ಟಿಯಾಗಿ ನೆನಪಿಡಿ. ಮನೆಯವರು ಪ್ರತಿ ಆಟದಿಂದ ಪಾಲು ಎತ್ತಿಕೊಳ್ಳುತ್ತಿದ್ದರೆ, ಅದಕ್ಕೆ ರೇಕ್ ಅಂತಾರೆ, ಅಥವಾ ಒಳಗೆ ಬರಲು ಫೀಸ್ ಇಟ್ಟಿದ್ದರೆ, ಅಲ್ಲಿಂದ ಎದ್ದು ಬನ್ನಿ. ಕೊಟ್ಟ ದುಡ್ಡೆಲ್ಲ ಬಹುಮಾನಕ್ಕೇ ಹೋಗಬೇಕು. ಪಿಜ್ಜಾ ದುಡ್ಡನ್ನು ಅದಕ್ಕೆ ಸೇರಿಸದೆ ಬೇರೆ ಎತ್ತಲಿ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಯೂಟಾದಲ್ಲಿ ಮನೆಯಲ್ಲೂ ದುಡ್ಡಿಟ್ಟು ಆಡುವ ಹಾಗಿಲ್ಲ. ಹಾಗಾಗಿ ನಾಳೆ ಬೇರೆ ರಾಜ್ಯಕ್ಕೆ ಮನೆ ಬದಲಿಸಿದರೆ ಮತ್ತೆ ವಿಚಾರಿಸಿ. ಅಭ್ಯಾಸಕ್ಕೆ ಅಂತ ದುಡ್ಡಿನ ಆ್ಯಪ್‌ಗಳ ಕಡೆ ಹೋಗಬೇಡಿ. ರಜೆಗೆ ಊರಿಗೆ ಹೋದಾಗಂತೂ ಆ ಯೋಚನೆಯೇ ಬೇಡ. ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಬಂದ ಕಾಯ್ದೆ ದುಡ್ಡಿನ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದೆ. ಪೋಕರ್, ರಮ್ಮಿ ಎರಡೂ ಅದರೊಳಗೆ ಬಂದವು.

ಇನ್ನು ಆಟಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನ್ನನ್ನು ನಿಲ್ಲಿಸಿದ ಮಾತು 'ತೀನ್ ಪತ್ತಿ ಆಡಿದ್ದೇನೆ' ಅನ್ನೋದು. ಏನೂ ಆಡದವರಿಗೆ ಪೋಕರ್ ಕಲಿಸೋದು ಸುಲಭ. ತೀನ್ ಪತ್ತಿ ಕೈಗೆ ಹತ್ತಿದವರು ಮೊದಲು ಕೆಲವನ್ನು ಮರೆಯಬೇಕು. ನಿಮ್ಮ ಎರಡು ವಾರದಲ್ಲಿ ಒಂದು ವಾರ ಅದಕ್ಕೇ ಇಡಿ.

ಒಂದು ಆಟ ಹೇಳುತ್ತೇನೆ. ನಮ್ಮ ಮನೆಯಲ್ಲೇ ನಡೆದದ್ದು. ದಾವಣಗೆರೆ ಕಡೆಯ ಹುಡುಗ, ಬಂದು ಮೂರು ತಿಂಗಳಾಗಿತ್ತು. ಅವನ ಕೈಗೆ ಎರಡು ಒಂಬತ್ತು ಬಂದಿದ್ದವು, ಇಸ್ಪೀಟು ಮತ್ತು ಡೈಮಂಡ್. ಟೇಬಲ್ ಮೇಲೆ ಮೊದಲ ಮೂರು ಎಲೆ ಬಿದ್ದವು: ಆಟೀನಿನ ಒಂಬತ್ತು, ಆಟೀನಿನ ನಾಲ್ಕು, ಕಲಾವರ್ ರಾಜ. ಮೂರು ಒಂಬತ್ತಾಯಿತು, ತೀನ್ ಪತ್ತಿಯಲ್ಲಿ ಇದಕ್ಕೇ ಟ್ರಯಲ್ ಅನ್ನೋದು. ಅವನು ಚೆನ್ನಾಗಿಯೇ ಬೆಟ್ ಮಾಡಿದ, ಒಬ್ಬರು ಬಿಡದೆ ಜೊತೆಗೆ ಬಂದರು. ನಾಲ್ಕನೆಯ ಎಲೆ ಆಟೀನಿನ ಎರಡು. ಈಗ ಟೇಬಲ್ ಮೇಲೆ ಮೂರು ಆಟೀನು. ಎದುರಿನವರು ದೊಡ್ಡದಾಗಿ ಬೆಟ್ ಮಾಡಿದರು. ಅವನು ಅರೆಗಳಿಗೆ ಕೂಡ ಯೋಚಿಸದೆ ಇದ್ದ ಚಿಪ್ಸನ್ನೆಲ್ಲ ಮುಂದೆ ತಳ್ಳಿದ. ಐದನೆಯ ಎಲೆ ಇಸ್ಪೀಟು ಜಾಕಿ. ಅವನು ಒಂಬತ್ತುಗಳನ್ನು ತಿರುಗಿಸಿ 'ಟ್ರಯಲ್' ಅಂದ, ಎರಡೂ ಕೈ ಚಾಚಿ ಚಿಪ್ಸ್ ಎಳೆದುಕೊಳ್ಳೋಕೆ ಬಾಗಿದ. ಎದುರಿನವರು ಆಟೀನಿನ ಎಕ್ಕ, ಆಟೀನಿನ ಆರು ಇಟ್ಟರು. ಹುಡುಗ ಆ ಎರಡು ಎಲೆ ನೋಡಿದ, ನನ್ನ ಮುಖ ನೋಡಿದ. 'ಕಲರ್ ತಾನೇ ಸರ್?' ಅಂತ ಕೇಳಿದ. ಆ ಪ್ರಶ್ನೆ ನನಗೆ ಇವತ್ತಿಗೂ ಕಿವಿಯಲ್ಲಿದೆ. ಅವತ್ತಿನಿಂದ ಊರಿನ ಕಡೆಯವರು ಯಾರು ಮೊದಲ ಸಲ ಬಂದರೂ ಆಟಕ್ಕೆ ಮುಂಚೆ ಹತ್ತು ನಿಮಿಷ ಕೂರಿಸಿ ಇದನ್ನು ಹೇಳುತ್ತೇನೆ.

ತೀನ್ ಪತ್ತಿಯಲ್ಲಿ ಟ್ರಯಲ್‌ಗಿಂತ ಮೇಲೆ ಏನೂ ಇಲ್ಲ. ಸೀಕ್ವೆನ್ಸ್, ಅಂದರೆ ಸಾಲಾದ ನಂಬರಿನ ಎಲೆ, ಕಲರ್‌ಗಿಂತ, ಅಂದರೆ ಎಲ್ಲವೂ ಆಟೀನು ಅನ್ನೋ ಹಾಗೆ ಒಂದೇ ಜಾತಿಯ ಎಲೆಗಿಂತ, ದೊಡ್ಡದು. ಪೋಕರ್‌ನಲ್ಲಿ ಎರಡೂ ತಲೆಕೆಳಗು. ಕಲರ್, ಅಂದರೆ ಇಲ್ಲಿ ಫ್ಲಶ್, ಸೀಕ್ವೆನ್ಸಿಗಿಂತ ದೊಡ್ಡದು. ಇಲ್ಲಿ ಸೀಕ್ವೆನ್ಸಿಗೆ ಸ್ಟ್ರೈಟ್ ಅಂತಾರೆ. ಒಂದೇ ನಂಬರಿನ ಮೂರು ಎಲೆ ಇವೆರಡಕ್ಕಿಂತಲೂ ಕೆಳಗೆ. ಯಾಕೆ ಅಂದರೆ ಎಣಿಕೆಯೇ ಬೇರೆ. 52 ಎಲೆಯಲ್ಲಿ ಮೂರು ಮೂರರಂತೆ ಒಟ್ಟು 22,100 ಜೋಡಣೆ ಆಗುತ್ತೆ. ಅದರಲ್ಲಿ ಟ್ರಯಲ್ 52 ಮಾತ್ರ, ಸೀಕ್ವೆನ್ಸ್ 720, ಕಲರ್ 1,096. ಐದೈದು ಎಲೆ ತಗೊಂಡರೆ ಒಟ್ಟು 25,98,960 ಜೋಡಣೆ. ಅದರಲ್ಲಿ ಫ್ಲಶ್ 5,108, ಸ್ಟ್ರೈಟ್ 10,200, ಮೂರು ಒಂದೇ ಇರೋದು 54,912. ಅಪರೂಪಕ್ಕೆ ಬರೋದು ಮೇಲೆ ಅನ್ನೋದೇ ಹೆಚ್ಚುಕಮ್ಮಿ ಎರಡು ಆಟದ ಲೆಕ್ಕವೂ. ಎಲೆ ಐದಾದಾಗ ಯಾವುದು ಅಪರೂಪ ಅನ್ನೋದು ಬದಲಾಗುತ್ತೆ.

ಹಾಗಾಗಿ ಪೋಕರ್‌ನ ಸಾಲು ಮೇಲಿನಿಂದ ಕೆಳಗೆ ಹೀಗೆ: ಒಂದೇ ಜಾತಿಯ ಸ್ಟ್ರೈಟ್, ನಾಲ್ಕು ಒಂದೇ, ಫುಲ್ ಹೌಸ್, ಫ್ಲಶ್, ಸ್ಟ್ರೈಟ್, ಮೂರು ಒಂದೇ, ಎರಡು ಜೋಡಿ, ಒಂದು ಜೋಡಿ, ಏನೂ ಇಲ್ಲದಿದ್ದರೆ ದೊಡ್ಡ ಎಲೆ. ಮೂರು ಒಂದೇ ಮತ್ತು ಒಂದು ಜೋಡಿ ಸೇರಿದರೆ ಫುಲ್ ಹೌಸ್. ಎಕ್ಕ, ಎರಡು, ಮೂರು ನಿಮಗೆ ಎರಡನೆಯ ದೊಡ್ಡ ಸೀಕ್ವೆನ್ಸ್ ಅಲ್ವಾ? ಇಲ್ಲಿ ಎಕ್ಕದಿಂದ ಐದರವರೆಗಿನ ಸ್ಟ್ರೈಟ್ ಎಲ್ಲಕ್ಕಿಂತ ಚಿಕ್ಕದು. ಇಸ್ಪೀಟು ದೊಡ್ಡದು, ಕಲಾವರ್ ಚಿಕ್ಕದು ಅನ್ನೋ ಲೆಕ್ಕವೂ ಇಲ್ಲಿಲ್ಲ. ಸಮ ಬಂದರೆ ಚಿಪ್ಸ್ ಹಂಚಿಕೊಳ್ಳಬೇಕು.

ಮಾತುಗಳೂ ಬೇರೆ. ನಮಗೆ ಬ್ಲೈಂಡ್ ಅಂದರೆ ಎಲೆ ನೋಡದೆ ಆಡೋದು. ಇಲ್ಲಿ ಬ್ಲೈಂಡ್ ಅಂದರೆ ಎಲೆ ಹಂಚುವ ಮುಂಚೆ ಇಬ್ಬರು ಕಡ್ಡಾಯವಾಗಿ ಇಡಬೇಕಾದ ಚಿಪ್ಸ್. ಡೀಲರ್ ಬಟನ್ ಅನ್ನುವ ಬಿಲ್ಲೆ ಯಾರ ಮುಂದಿದೆಯೋ ಅವರ ಎಡಗಡೆಯವರು ಸ್ಮಾಲ್ ಬ್ಲೈಂಡ್, ಅವರ ಎಡಗಡೆಯವರು ಬಿಗ್ ಬ್ಲೈಂಡ್. ಆಟದ ಶುರುವಿಗೆ ಇಡುವ ನಮ್ಮ ಬೂಟ್ ಎಲ್ಲರೂ ಹಾಕಬೇಕು, ಇದು ಸರದಿ ಬಂದವರು ಮಾತ್ರ. ನೀವು ಪ್ಯಾಕ್ ಅನ್ನೋದಕ್ಕೆ ಇಲ್ಲಿ ಫೋಲ್ಡ್. ಎದುರಿನವರಷ್ಟೇ ಹಾಕಿದರೆ ಕಾಲ್, ಹೆಚ್ಚಿಸಿದರೆ ರೈಸ್. ಯಾರೂ ಬೆಟ್ ಮಾಡದಿದ್ದರೆ ಏನೂ ಹಾಕದೆ ಚೆಕ್ ಅಂತ ಹೇಳಿ ಮುಂದಿನವರಿಗೆ ಬಿಡಬಹುದು, ಇದು ತೀನ್ ಪತ್ತಿಯಲ್ಲಿ ಇಲ್ಲ. ಸೈಡ್ ಶೋ, ಅಂದರೆ ಪಕ್ಕದವರ ಜೊತೆ ಗುಟ್ಟಾಗಿ ಎಲೆ ಹೋಲಿಸಿ ನೋಡಲು ಕೇಳೋದು, ಇಲ್ಲಿಲ್ಲ.

ಆಟ ಇಷ್ಟೇ. ನಿಮ್ಮ ಕೈಗೆ ಎರಡು ಎಲೆ. ಒಂದು ಸುತ್ತು ಬೆಟ್. ಟೇಬಲ್ ನಡುವೆ ಎಲ್ಲರಿಗೂ ಸೇರಿದ ಮೂರು ಎಲೆ ಬಿಚ್ಚುತ್ತಾರೆ, ಅದು ಫ್ಲಾಪ್. ಮತ್ತೆ ಬೆಟ್. ಇನ್ನೊಂದು ಎಲೆ, ಟರ್ನ್. ಮತ್ತೆ ಬೆಟ್. ಕೊನೆಯ ಎಲೆ, ರಿವರ್. ಕೊನೆಯ ಬೆಟ್. ಏಳು ಎಲೆಯಲ್ಲಿ ಚೆನ್ನಾದ ಐದು ಯಾರದೋ ಅವರು ಗೆದ್ದರು. ಇದೇ ಟೆಕ್ಸಾಸ್ ಹೋಲ್ಡೆಮ್. ನೀವಿರುವ ರಾಜ್ಯದ್ದೇ ಆಟ. ರಾಬ್ಸ್‌ಟೌನ್ ಅನ್ನುವ ಊರು ಇದರ ಹುಟ್ಟೂರು ಅಂತ ಟೆಕ್ಸಾಸ್ ಶಾಸನಸಭೆ 2007ರಲ್ಲಿ ಒಪ್ಪಿ ಗುರುತಿಸಿದೆ. 1970ರಲ್ಲಿ ಲಾಸ್ ವೇಗಸ್‌ನಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್ ಶುರುವಾಯಿತು. 2003ರಲ್ಲಿ ಕ್ರಿಸ್ ಮನಿಮೇಕರ್ ಅನ್ನುವ ಟೆನೆಸಿಯ ಅಕೌಂಟೆಂಟ್ ಅದನ್ನು ಗೆದ್ದು 25 ಲಕ್ಷ ಡಾಲರ್ ತಗೊಂಡು ಹೋದ. ಕಡಿಮೆ ದುಡ್ಡಿನ ಆನ್‌ಲೈನ್ ಆಟದಲ್ಲಿ ಗೆದ್ದು ಅಲ್ಲಿಗೆ ಸೀಟು ಪಡೆದವನು ಅವನು. ಅದಾದ ಮೇಲೆ ಅಮೆರಿಕದ ಮನೆಗಳಲ್ಲಿ ಈ ಆಟ ಹಬ್ಬಿತು. ನಿಮ್ಮ ಸಹೋದ್ಯೋಗಿಯ ಗ್ಯಾರೇಜಿಗೂ ಹೆಚ್ಚುಕಮ್ಮಿ ಆ ಅಲೆಯಲ್ಲೇ ಬಂದಿರಬೇಕು.

ಎರಡನೆಯ ವಾರ ಟೇಬಲ್ ಮೇಲೆ ನಡೆದುಕೊಳ್ಳುವ ರೀತಿ ಕಲಿಯಿರಿ. ಹೊಸಬರು ಕೆಟ್ಟದಾಗಿ ಆಡಿದರೆ ಯಾರಿಗೂ ಬೇಜಾರಿಲ್ಲ. ಸರದಿ ತಪ್ಪಿಸಿದರೆ, ಆಟ ನಿಲ್ಲಿಸಿದರೆ ಬೇಜಾರಾಗುತ್ತೆ. ನಿಮ್ಮ ಎಲೆ ಎಷ್ಟೇ ಕೆಟ್ಟದಿರಲಿ, ಸರದಿ ಬರುವವರೆಗೆ ಎಸೆಯಬೇಡಿ. ನೀವು ಮುಂಚೆಯೇ ಫೋಲ್ಡ್ ಮಾಡಿದರೆ ನಿಮಗಿಂತ ಮೊದಲು ಆಡಬೇಕಾದವರಿಗೆ ಬೇಕಿಲ್ಲದ ಸುಳಿವು ಸಿಗುತ್ತೆ, ಇನ್ನೊಬ್ಬರಿಗೆ ನಷ್ಟ ಆಗುತ್ತೆ. ಬೆಟ್ ಮಾಡುವ ಮುಂಚೆ ಬಾಯಿಬಿಟ್ಟು ಹೇಳಿ: 'ರೈಸ್, ಮುನ್ನೂರು'. ಹೇಳಿದ ಮಾತಿಗೆ ಬೆಲೆ, ಕೈಗೆ ಆಮೇಲೆ. ಹೇಳದೆ ಮೊದಲು ನೂರು ಇಟ್ಟು, ಎದುರಿನವರ ಮುಖ ನೋಡಿ, ಮತ್ತೆ ವಾಪಸ್ ಹೋಗಿ ಇನ್ನೂ ಇನ್ನೂರು ತಂದರೆ ಅದು ಸ್ಟ್ರಿಂಗ್ ಬೆಟ್. ಒಪ್ಪಲ್ಲ. ಹಾಗೇ, ಎದುರಿನವರು 100 ಬೆಟ್ ಮಾಡಿದಾಗ ನೀವು ಏನೂ ಹೇಳದೆ ಒಂದೇ ಒಂದು 500ರ ಚಿಪ್ ಇಟ್ಟರೆ ಅದು ಕಾಲ್ ಅಂತಲೇ ಲೆಕ್ಕ, ರೈಸ್ ಅಲ್ಲ. ಹೊಸಬರು ಇದರಲ್ಲಿ ತುಂಬಾ ಸಲ ಸಿಕ್ಕಿಹಾಕಿಕೊಳ್ಳುತ್ತಾರೆ.

ಚಿಪ್ಸನ್ನು ನಡುವಿನ ರಾಶಿಗೆ ಎರಚಬೇಡಿ, ನಿಮ್ಮ ಮುಂದೆ ಇಡಿ, ಎಣಿಸಲು ಬರಬೇಕು. ದೊಡ್ಡ ಬೆಲೆಯ ಚಿಪ್ಸ್ ಎದುರಿನವರಿಗೆ ಕಾಣುವ ಹಾಗೆ ಮುಂದಿರಲಿ. ನಿಮ್ಮ ಎರಡು ಎಲೆ ಯಾವಾಗಲೂ ಟೇಬಲ್ ಮೇಲೇ ಇರಬೇಕು. ಅದರ ಮೇಲೆ ಒಂದು ಚಿಪ್ ಇಟ್ಟುಬಿಡಿ. ಇಲ್ಲದಿದ್ದರೆ ಡೀಲ್ ಮಾಡುವವರು ಗೊತ್ತಿಲ್ಲದೆ ಎಸೆದ ಎಲೆಗಳ ಜೊತೆ ಎಳೆದುಕೊಂಡು ಬಿಡುತ್ತಾರೆ. ಅಲ್ಲಿ ಬೆರೆತ ಎಲೆ ಮತ್ತೆ ನಿಮಗೆ ಸಿಗಲ್ಲ. ಎಲೆ ನೋಡುವಾಗ ಎತ್ತಬೇಡಿ. ಅಂಗೈಯಿಂದ ಮರೆ ಮಾಡಿ, ಮೂಲೆ ಮಾತ್ರ ಬಗ್ಗಿಸಿ ನೋಡಿ. ರಮ್ಮಿ ಆಡುವ ನಮಗೆ ಎಲೆಯನ್ನು ಬೀಸಣಿಗೆ ಹಾಗೆ ಹಿಡಿದು ಎದೆಗೆ ತರುವ ಅಭ್ಯಾಸ. ಪಕ್ಕದವರಿಗೆ ಪೂರ್ತಿ ಕಾಣುತ್ತೆ.

ಭಾಷೆಯ ಬಗ್ಗೆ ಒಂದು ಮಾತು. ಇದನ್ನು ನಮ್ಮವರಿಗೆ ಯಾರೂ ಹೇಳಿಕೊಡಲ್ಲ. ಆಟ ನಡೆಯುತ್ತಿರುವಾಗ ಟೇಬಲ್‌ನವರಿಗೆಲ್ಲ ಅರ್ಥವಾಗುವ ಭಾಷೆಯಲ್ಲೇ ಮಾತಾಡಬೇಕು. ಅಲ್ಲಿ ಇನ್ನೊಬ್ಬ ಕನ್ನಡದವರು ಸಿಕ್ಕರೆ ಖುಷಿಯಾಗುತ್ತೆ, ತಾನಾಗಿ ಕನ್ನಡ ಬಂದುಬಿಡುತ್ತೆ. ನೀವು 'ಊಟ ಆಯ್ತಾ' ಅಂತಲೇ ಕೇಳಿರಬಹುದು. ಉಳಿದ ಏಳು ಜನಕ್ಕೆ ಅದು ಗೊತ್ತಾಗೋದು ಹೇಗೆ? ಎಲೆ ಏನು ಅಂತ ಹೇಳಿಕೊಂಡರಾ ಅನ್ನುವ ಅನುಮಾನ ಒಮ್ಮೆ ಹುಟ್ಟಿದರೆ ಯಾರೂ ಬಾಯಿಬಿಟ್ಟು ಹೇಳಲ್ಲ, ಮುಂದಿನ ತಿಂಗಳು ಕರೆಯೋದು ನಿಲ್ಲಿಸುತ್ತಾರೆ. ಕೈಯಲ್ಲಿ ಎಲೆ ಇರುವಷ್ಟು ಹೊತ್ತು ಇಂಗ್ಲಿಷ್. ಕನ್ನಡಕ್ಕೆ ಊಟದ ಹೊತ್ತಿದೆ, ಕಾರಿನವರೆಗೆ ನಡೆಯುವ ದಾರಿ ಇದೆ. ಹಾಗೇ ನೀವು ಫೋಲ್ಡ್ ಮಾಡಿದ ಮೇಲೆ 'ಛೆ, ನನ್ನ ಹತ್ತಿರ ಒಂಬತ್ತಿತ್ತು' ಅಂತ ಹೇಳಬೇಡಿ. ಇನ್ನೂ ಆಡುತ್ತಿರುವವರಿಗೆ ಅದು ದೊಡ್ಡ ಮಾಹಿತಿ.

ಈಗ ಟೂರ್ನಮೆಂಟಿನ ಒಳಗುಟ್ಟು. ಬ್ಲೈಂಡ್ ಒಂದೇ ಕಡೆ ನಿಲ್ಲೋದಿಲ್ಲ, ಏರುತ್ತಾ ಹೋಗುತ್ತೆ. ಮೊದಲು 25 ಮತ್ತು 50. ಇಪ್ಪತ್ತು ನಿಮಿಷಕ್ಕೆ 50 ಮತ್ತು 100. ಆಮೇಲೆ 75 ಮತ್ತು 150, 100 ಮತ್ತು 200, 200 ಮತ್ತು 400, ಹೀಗೆ. ನಾನು ನನ್ನ ಟೇಬಲ್‌ಗೆ ಲೆಕ್ಕ ಹಾಕೋದು ಹೀಗೆ: ಆಟದಲ್ಲಿರುವ ಒಟ್ಟು ಚಿಪ್ಸನ್ನು 20ರಿಂದ ಭಾಗಿಸಿ. ಒಂಬತ್ತು ಜನರ 90,000ಕ್ಕೆ 4,500. ಬಿಗ್ ಬ್ಲೈಂಡ್ ಅದರ ಹತ್ತಿರ ಬರುವ ಹೊತ್ತಿಗೆ ಆಟ ಮುಗಿಯುತ್ತೆ. ಹನ್ನೊಂದನೆಯ ಮಟ್ಟಕ್ಕೆ 2,000 ಮತ್ತು 4,000 ಆಗುವ ಹಾಗೆ ಇಟ್ಟರೆ ಮೂರು ಗಂಟೆ ನಲವತ್ತು ನಿಮಿಷ. ಏಳಕ್ಕೆ ಶುರುವಾದರೆ ಹನ್ನೊಂದರೊಳಗೆ ಮನೆ.

ಇದರಿಂದ ನಿಮಗೇನು ತಿಳಿಯಬೇಕು? ನಿಮ್ಮ ಹತ್ತಿರ ಎಷ್ಟು ಚಿಪ್ಸ್ ಇದೆ ಅನ್ನೋದು ಬರೀ ಸಂಖ್ಯೆ. ಅದು ಎಷ್ಟು ಬಿಗ್ ಬ್ಲೈಂಡ್ ಆಗುತ್ತೆ ಅನ್ನೋದನ್ನು ನೋಡಿ. ಶುರುವಿನಲ್ಲಿ 10,000 ಅಂದರೆ 200 ಬಿಗ್ ಬ್ಲೈಂಡ್. ಆರಾಮಾಗಿ ಕೂತು ಕಾಯಬಹುದು. ಅದೇ 10,000, ಬ್ಲೈಂಡ್ 600 ಮತ್ತು 1,200 ಆದಾಗ ಎಂಟು ಬಿಗ್ ಬ್ಲೈಂಡಿಗಿಂತ ಚೂರು ಹೆಚ್ಚು, ಅಷ್ಟೇ. ನೀವು ಏನೂ ಕಳೆದುಕೊಂಡಿಲ್ಲ, ಆದರೂ ಬಡವಾಗಿದ್ದೀರಿ. ಹತ್ತು ಬಿಗ್ ಬ್ಲೈಂಡಿಗಿಂತ ಕಡಿಮೆಯಾದ ಮೇಲೆ ಸಣ್ಣ ಬೆಟ್‌ಗಳಿಗೆ ಜಾಗವಿಲ್ಲ. ಎಲೆ ಚೆನ್ನಾಗಿದ್ದರೆ ಫ್ಲಾಪಿಗೆ ಮುಂಚೆಯೇ ಆಲ್-ಇನ್, ಅಂದರೆ ಇದ್ದ ಚಿಪ್ಸನ್ನೆಲ್ಲ ಹಾಕೋದು, ಇಲ್ಲದಿದ್ದರೆ ಫೋಲ್ಡ್. ಎಷ್ಟೋ ಜನ ಒಳ್ಳೆಯ ಎಲೆ ಬರಲಿ ಅಂತ ಕಾಯುತ್ತಾ ಕಾಯುತ್ತಾ ಮೂರು ಬಿಗ್ ಬ್ಲೈಂಡಿಗೆ ಇಳಿಯುತ್ತಾರೆ. ಆಗ ಎಕ್ಕದ ಜೋಡಿಯೇ ಬಂದು ಗೆದ್ದರೂ ಸಿಗೋದು ಸ್ವಲ್ಪವೇ.

ಯಾವ ಎಲೆ ಆಡಬೇಕು? ಮೊದಲ ದಿನಕ್ಕೆ ಇಷ್ಟು ಸಾಕು. ಹತ್ತು ಮತ್ತು ಅದಕ್ಕಿಂತ ದೊಡ್ಡ ಜೋಡಿ ಬಂದರೆ, ಎಕ್ಕದ ಜೊತೆ ರಾಜ ಅಥವಾ ರಾಣಿ ಬಂದರೆ, ರೈಸ್ ಮಾಡಿ. ಬಿಗ್ ಬ್ಲೈಂಡಿನ ಮೂರರಷ್ಟು. ಚಿಕ್ಕ ಜೋಡಿಗಳನ್ನು ಶುರುವಿನ ಮಟ್ಟಗಳಲ್ಲಿ ಕಡಿಮೆ ಖರ್ಚಿಗೆ ಫ್ಲಾಪ್ ಸಿಕ್ಕರೆ ಮಾತ್ರ ಆಡಿ. ಜೋಡಿ ಇದ್ದಾಗ ಫ್ಲಾಪಿನಲ್ಲಿ ಅದೇ ನಂಬರ್ ಬೀಳೋದು ಎಂಟೂವರೆ ಸಲಕ್ಕೆ ಒಮ್ಮೆ. ಉಳಿದದ್ದನ್ನು ಬಿಟ್ಟುಬಿಡಿ. ಜೋಡಿಯಲ್ಲದ ಎರಡು ಎಲೆಗೆ ಫ್ಲಾಪಿನಲ್ಲಿ ಜೋಡಿ ಸಿಗೋದು ಮೂರರಲ್ಲಿ ಒಂದು ಸಲ ಮಾತ್ರ, ಅದಕ್ಕೇ 'ನೋಡೋಣ' ಅಂತ ಹಾಕಿದ ಚಿಪ್ಸ್ ಹೆಚ್ಚಾಗಿ ಹೋಗೇ ಹೋಗುತ್ತೆ. ಬಟನ್ ನಿಮ್ಮ ಮುಂದಿರುವಾಗ ಸ್ವಲ್ಪ ಸಡಿಲ ಬಿಡಬಹುದು. ಫ್ಲಾಪ್ ಆದ ಮೇಲೆ ಪ್ರತಿ ಸುತ್ತಿನಲ್ಲೂ ನೀವೇ ಕೊನೆಗೆ ಆಡೋದು, ಉಳಿದವರು ಏನು ಮಾಡಿದರು ಅಂತ ನೋಡಿ ನಿರ್ಧಾರ ಮಾಡಬಹುದು. ರೈಸ್ ಯಾಕೆ ಮುಖ್ಯ ಅಂದರೆ, ಎರಡು ಎಕ್ಕ ಒಬ್ಬರ ವಿರುದ್ಧ ನೂರಕ್ಕೆ 85 ಸಲ ಗೆಲ್ಲುತ್ತೆ. ಎಂಟು ಜನ ಕೊನೆಯವರೆಗೂ ಕೂತರೆ ಅದೇ ಎಕ್ಕ ನೂರಕ್ಕೆ 35 ಸಲದಷ್ಟೇ. ಆದ್ದರಿಂದ ಒಳ್ಳೆಯ ಎಲೆ ಬಂದಾಗ ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳಬೇಡಿ.

ಒಂದು ಸಣ್ಣ ಲೆಕ್ಕ ಬಾಯಿಪಾಠ ಮಾಡಿ. ಫ್ಲಶ್ ಆಗೋಕೆ ಒಂದೇ ಎಲೆ ಬೇಕು ಅಂದರೆ ಉಳಿದಿರೋದು ಒಂಬತ್ತು ಎಲೆ. ಇನ್ನೊಂದೇ ಎಲೆ ಬಿಚ್ಚಬೇಕಾಗಿದ್ದರೆ ಒಂಬತ್ತನ್ನು ಎರಡರಿಂದ ಗುಣಿಸಿ: ನೂರಕ್ಕೆ 18. ಎರಡು ಎಲೆ ಬಾಕಿ ಇದ್ದರೆ ನಾಲ್ಕರಿಂದ: 36. ನಿಜವಾದ ಲೆಕ್ಕಕ್ಕೆ ಇದು ತುಂಬಾ ಹತ್ತಿರ. ಈಗ ಟರ್ನ್ ಆಗಿದೆ, ಎದುರಿನವರ ಬೆಟ್ ಸೇರಿ ಪಾಟ್‌ನಲ್ಲಿ, ಅಂದರೆ ನಡುವಿನ ರಾಶಿಯಲ್ಲಿ, 600 ಇದೆ, ನೀವು 200 ಹಾಕಬೇಕು. ಹಾಕಿದರೆ ಒಟ್ಟು 800, ಅದರಲ್ಲಿ ನಿಮ್ಮದು ಕಾಲು ಭಾಗ. ನೂರಕ್ಕೆ 25 ಸಲವಾದರೂ ಗೆಲ್ಲಬೇಕು. ನಿಮ್ಮದು 18. ಬಿಟ್ಟುಬಿಡಿ.

ಬ್ಲಫ್, ಅಂದರೆ ಎಲೆ ಇಲ್ಲದಿದ್ದರೂ ಇದೆ ಅನ್ನುವ ಹಾಗೆ ಬೆಟ್ ಮಾಡಿ ಹೆದರಿಸೋದು, ಅದರ ಬಗ್ಗೆ ಟಿ.ವಿ.ಯಲ್ಲಿ ನೋಡಿದ್ದನ್ನು ನಂಬಬೇಡಿ. ಮನೆ ಆಟದಲ್ಲಿ ಜನ ಫೋಲ್ಡ್ ಮಾಡೋಕೆ ಬಂದಿರಲ್ಲ, ನೋಡೋಕೆ ಬಂದಿರುತ್ತಾರೆ. ಕಾಲ್ ಮಾಡಿಯೇ ಮಾಡುತ್ತಾರೆ. ಎಲೆ ಇದ್ದಾಗ ಧೈರ್ಯವಾಗಿ ಬೆಟ್ ಮಾಡಿ, ಇಲ್ಲದಾಗ ಸುಮ್ಮನಿರಿ. ಮೊದಲ ಕೆಲವು ತಿಂಗಳು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಆಲ್-ಇನ್ ಆದಾಗ ಗೊಂದಲ ಆಗುತ್ತೆ, ಅದನ್ನೂ ತಿಳಿದಿರಿ. ನಿಮ್ಮ ಹತ್ತಿರ 1,500 ಇದೆ, ಇನ್ನೊಬ್ಬರ ಹತ್ತಿರ 4,000, ಮತ್ತೊಬ್ಬರ ಹತ್ತಿರ 6,000. ಮೂವರೂ ಎಲ್ಲ ಹಾಕಿದರು. ನೀವು ಪ್ರತಿಯೊಬ್ಬರಿಂದ 1,500 ಮಾತ್ರ ಗೆಲ್ಲಬಹುದು. ಹಾಗಾಗಿ ಮುಖ್ಯ ಪಾಟ್ 4,500. ಉಳಿದ ಇಬ್ಬರ ತಲಾ 2,500 ಸೇರಿ 5,000ದ ಸೈಡ್ ಪಾಟ್, ಅದು ಅವರಿಬ್ಬರ ನಡುವೆ. ಮೂರನೆಯವರ ಮಿಕ್ಕ 2,000 ಅವರಿಗೇ ವಾಪಸ್. ಇದರಲ್ಲಿ ನಿಮಗೆ ಅರ್ಥವಾಗದಿದ್ದರೆ ಅಲ್ಲೇ ಕೇಳಿ. ಚಿಪ್ಸ್ ಬೆರೆಯುವ ಮುಂಚೆ ಕೇಳಿ.

ಅಭ್ಯಾಸಕ್ಕೆ ಚಿಪ್ಸ್ ಕೊಳ್ಳಬೇಡಿ. ಅಡುಗೆಮನೆಯಿಂದ ಅಲಸಂದೆ, ಕಡಲೆಕಾಳು, ರಾಜ್ಮಾ ತಗೊಳ್ಳಿ. ಅಲಸಂದೆ 25, ಕಡಲೆ 100, ರಾಜ್ಮಾ 500. ನೀವಿಬ್ಬರೂ ಊಟ ಆದ ಮೇಲೆ ಅರ್ಧ ಗಂಟೆ ಕೂರಿ. ಮೊದಲ ಮೂರು ದಿನ ಬೆಟ್ ಬೇಡ. ನಾಲ್ಕು ಜನರಿಗೆ ಹಂಚಿದ ಹಾಗೆ ಎಲೆಗಳನ್ನು ತೆರೆದೇ ಇಟ್ಟು, ಐದು ಎಲೆ ಬಿಚ್ಚಿ, ಯಾರು ಗೆದ್ದರು ಅಂತ ಹೇಳಿ. ಇಪ್ಪತ್ತು ಸಲ ಮಾಡಿದರೆ ಕಣ್ಣು ಪಳಗುತ್ತೆ. ತೀನ್ ಪತ್ತಿಯ ಟ್ರಯಲ್ ಆಗ ತಲೆಯಿಂದ ಇಳಿಯುತ್ತೆ. ಆಮೇಲೆ ಕಾಳಿಟ್ಟು ಆಡಿ, ಪ್ರತಿ ಸಲ ಬಾಯಿಬಿಟ್ಟು ಹೇಳಿ.

ಬರಿಗೈಯಲ್ಲಿ ಹೋಗಬೇಡಿ. ಆದರೆ ಕೋಡುಬಳೆ, ಚಕ್ಲಿ, ಕಾಂಗ್ರೆಸ್ ಕಡಲೆಬೀಜ ಟೇಬಲ್ ಮೇಲೆ ಇಡೋದು ಬೇಡ. ಎಣ್ಣೆ ಬೆರಳು ತಾಗಿದ ಎಲೆಗೆ ಗುರುತು ಬೀಳುತ್ತೆ. ಗುರುತು ಬಿದ್ದ ಎಲೆ ಅಂದರೆ ಆ ಕಟ್ಟೇ ಹೋದ ಹಾಗೆ. ತಿಂಡಿ ಪಕ್ಕದ ಮೇಜಿನ ಮೇಲಿರಲಿ, ಟಿಶ್ಯೂ ಜೊತೆಗಿರಲಿ. ತಿಂದವರು ಕೈ ಒರೆಸಿಕೊಂಡು ಬಂದು ಕೂರಲಿ.

ಬೇಗ ಔಟಾದರೆ ಎದ್ದು ಹೊರಡಬೇಡಿ. ಎದುರಿನವರ ಕೈ ಕುಲುಕಿ, 'ನಾನು ಡೀಲ್ ಮಾಡಲಾ' ಅಂತ ಕೇಳಿ. ಆಡುತ್ತಾ ಆಡುತ್ತಾ ಎಲೆ ಕಲೆಸಿ ಹಂಚೋದು ಎಲ್ಲರಿಗೂ ತಲೆನೋವು, ಬರೀ ಹಂಚೋಕೆ ಒಬ್ಬರು ಸಿಕ್ಕರೆ ತುಂಬಾ ಸಂತೋಷ ಪಡುತ್ತಾರೆ. ನೀವು ಕೂಡ ಕೊನೆಯ ನಾಲ್ಕು ಜನ ಹೇಗೆ ಆಡುತ್ತಾರೆ ಅಂತ ಎರಡಡಿ ದೂರದಿಂದ ನೋಡಬಹುದು. ನನಗೆ ಗೊತ್ತಿರುವ ಆಟದಲ್ಲಿ ಅರ್ಧದಷ್ಟನ್ನು ನಾನು ಕಲಿತದ್ದು ಹಾಗೆ ಹಂಚುತ್ತಾ ಕೂತಾಗಲೇ.

ಇನ್ನು ನಿಮ್ಮ ಮನೆಯವರ ವಿಷಯ. ಅವರಿಗೆ ಜೂಜು ಅನ್ನಿಸೋದು ಸಹಜ, ಅವರು ಊರಲ್ಲಿ ನೋಡಿರುವ ಎಲೆ ಆಟ ಅಂಥದ್ದು. 20 ಡಾಲರ್‌ಗೆ ಮಿತಿ ಇದೆ ಅಂತ ಹೇಳೋದು ಬಿಟ್ಟು ಬೇರೆ ವಾದ ಮಾಡಬೇಡಿ. ಅವರು ಬರಬಹುದು. ಆದರೆ ನಿಮ್ಮ ಹಿಂದೆ ನಿಂತು ಎಲೆ ನೋಡಿ ಕಿವಿಯಲ್ಲಿ ಹೇಳುವ ಹಾಗಿಲ್ಲ, ಒಂದು ಕೈಗೆ ಒಬ್ಬರೇ ಆಡಬೇಕು ಅನ್ನೋದು ಎಲ್ಲ ಕಡೆ ಇರುವ ನಿಯಮ. ಬರೀ ನೋಡುತ್ತಾ ಮೂರು ಗಂಟೆ ಕೂರೋದು ಯಾರಿಗೂ ಕಷ್ಟ. ಎರಡು ವಾರ ನಿಮ್ಮ ಜೊತೆ ಕಾಳಿಟ್ಟು ಆಡಿದ ಮೇಲೆ ಅವರಿಗೂ ಆಡಬೇಕು ಅನ್ನಿಸಿದರೆ ಅವರದ್ದೂ ಒಂದು ಸೀಟು ಕೇಳಿ. ನೀವಿಬ್ಬರೂ ಅಕ್ಕಪಕ್ಕ ಕೂರಬೇಡಿ, ಒಬ್ಬರ ವಿರುದ್ಧ ಒಬ್ಬರು ಸರಿಯಾಗಿಯೇ ಆಡಿ, ಬಿಟ್ಟುಕೊಡಬೇಡಿ. ಸೀಟಿನ ವಿಷಯ ಬುಧವಾರದೊಳಗೆ ಹೇಳಿಬಿಡಿ. ಹತ್ತು ಜನ ಆದರೆ ಅವರು ಇನ್ನೊಂದು ಕುರ್ಚಿ ಹಾಕಬೇಕು, ಚಿಪ್ಸ್ ಎಣಿಸಿ ಇಡಬೇಕು.